ಫಿಲಿಪ್‌ನ ಹೂಟ

“ಇಸ್ಟ್ರಾಟಜಿ ಅಲ್ಲ, ಪುತಾ. ಆ ‘ಇ’ ನಿನ್ನ ಅಜ್ಜನ ಮನೆಯದ್ದಾ? ಸ್ಟ್ರಾಟಜಿ.”

“ಸ್ಟ್ರಾಟಜಿ,” ಎಂದ ಫಿಲಿಪ್. ಅರ್ಥ: ಎದುರಿನವನಿಗೆ ಗೊತ್ತಾಗದಂತೆ ಹೂಡುವ ಹೂಟ. ಪಾದ್ರಿ ಇಸಿದೋರರ ಮುಖ ನೋಡಿಕೊಂಡೇ ಅದನ್ನು ಹೇಳುವಾಗ ಅವನ ಕಿವಿ ಬಿಸಿಯಾಯಿತು. ಅವನು ಹೂಟ ಹೂಡಿದ್ದೇ ಅವರ ಮೇಲೆ.

ಕತೆ ಇಷ್ಟೆ. ಫಿಲಿಪ್ ಎಳೆಯವನಿದ್ದಾಗ ವಿಷಮಜ್ವರ ಬಂದು, ಇನ್ನೇನು ಹೋದ ಅನ್ನುವಾಗ ತಾಯಿ ಮಟಿಲ್ಡಾ ಹರಕೆ ಹೊತ್ತಳು: ಬದುಕಿದರೆ ಮಗನನ್ನು ಪಾದ್ರಿ ಮಾಡುತ್ತೇನೆ. ಹೊತ್ತವಳು ಅವಳು, ತೀರಿಸಬೇಕಾದವನು ಇವನು! ಈಗ, ೧೯೨೬ರ ಬೇಸಗೆಯಲ್ಲಿ, ಹರಕೆ ತೀರಿಸುವ ದಿನ ಹತ್ತಿರ ಬಂದಿತ್ತು. ಜೂನಿಗೆ ಸೆಮಿನರಿ, ಪಾದ್ರಿಗಳನ್ನು ತಯಾರು ಮಾಡುವ ಶಾಲೆ. ಒಳಗೆ ಹೋದರೆ ಕೊಡಿಯಾಲ್‌ಬೈಲಿನ ಬರ್ನಡೆಟ್‌ಳಿಗೆ ಕೊಟ್ಟ ಮದುವೆಯ ಮಾತು ಅಲ್ಲಿಗೆ ಮುಗಿಯಿತು.

ತಾಯಿ ಕೇಳುತ್ತಿದ್ದುದು ಲೋಕದಲ್ಲಿ ಒಬ್ಬರ ಮಾತು ಮಾತ್ರ, ಪಾದ್ರಿ ಇಸಿದೋರರದ್ದು. ‘ಹರಕೆ ಬಿಟ್ಟುಬಿಡಮ್ಮ’ ಎಂದು ಅವರೊಮ್ಮೆ ಹೇಳಿದರೆ ಸಾಕು. ಆದರೆ ಕೊಂಕಣಿಯಲ್ಲಿ ಅವರೊಡನೆ ವಾದ ಮಾಡುವುದುಂಟೆ? ಬಾಯಿ ತೆರೆಯುವ ಮೊದಲೇ ‘ಮೊಣಕಾಲೂರಿ ಕೂರು’ ಎನ್ನುತ್ತಾರೆ. ಇಂಗ್ಲಿಷಿನಲ್ಲಾದರೆ ದೊಡ್ಡವರು ಚಿಕ್ಕವರು ಎಂಬುದಿಲ್ಲ, ಎಲ್ಲರೂ ‘ಯೂ’.

ಅದಕ್ಕೇ, ಸೆಮಿನರಿಗೆ ಬೇಕಾಗುತ್ತದೆ ಎಂಬ ನೆಪ ಹೇಳಿ ಅವರಲ್ಲೇ ಇಂಗ್ಲಿಷ್ ಕಲಿಯತೊಡಗಿದ. ಪರ್ಸ್ವೇಡ್: ಮನವೊಲಿಸು, ನಡುವಿನ ‘ಯು’ವನ್ನು ‘ವ’ ಎನ್ನಬೇಕು. ಕನ್ಸೀಡ್: ಹೆಚ್ಚು ಪಡೆಯಲಿಕ್ಕೆ ಒಂದಿಷ್ಟು ಬಿಟ್ಟುಕೊಡು. ಅಪೀಲ್: ಎದೆಗೆ ತಾಗುವಂತೆ ಬೇಡು. ಕಲಿಸುವುದರಲ್ಲಿ ಪಾದ್ರಿಗೆ ಎಂಥ ಹುಮ್ಮಸ್ಸು!

“ಗಟ್ಟಿಯಾಗಿ ಹೇಳು. ಕೊನೆಯ ಬೆಂಚಿನವನಿಗೂ ಕೇಳಬೇಕು. ಕೈ ಯಾಕೆ ಕಟ್ಟಿದ್ದೀ? ಬಿಡು. ಈ ಶಬ್ದಗಳೇ ಮುಂದೆ ನಿನ್ನ ಕೈ ಹಿಡೀತವೆ.”

ಪಾಪದ ಮುದುಕ ಎಂದು ಫಿಲಿಪ್‌ಗೆ ಕನಿಕರವೂ ಆಯಿತು.

ಮೇ ತಿಂಗಳ ಎರಡನೆಯ ಭಾನುವಾರ ಪಾದ್ರಿ ಒಳಕೋಣೆಯ ಬಾಗಿಲು ಓರೆ ಮಾಡಿ ಬಂದು ಕುಳಿತರು. “ಇವತ್ತು ಪಾಠ ಬೇಡ. ನಿನ್ನ ಮನಸ್ಸಲ್ಲಿ ಎಂತ ಉಂಟು, ಅದನ್ನೇ ಇಂಗ್ಲಿಷಿನಲ್ಲಿ ಹೇಳು.”

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಫಿಲಿಪ್ ಎದ್ದು ನಿಂತು ಕಲಿತದ್ದನ್ನೆಲ್ಲ ಸುರಿದ. ತಾಯಿಯ ಪ್ರೀತಿ ದೊಡ್ಡದು ಎಂದು ಮೊದಲೇ ಒಪ್ಪಿಕೊಂಡ. ಆ ಪ್ರೀತಿಯಲ್ಲೇ ತನಗೆ ಉಸಿರುಗಟ್ಟುತ್ತಿದೆ, ಪಾದ್ರಿಯಾಗುವ ಮನಸ್ಸೇ ತನಗಿಲ್ಲ ಎಂದ. ಮನಸ್ಸಿಲ್ಲದವನನ್ನು ಕಟ್ಟಿಕೊಂಡು ದೇವರಾದರೂ ಏನು ಮಾಡಿಯಾನು ಎಂದು ಕೇಳಿದ. ಬರ್ನಡೆಟ್‌ಳ ಹೆಸರು ಬಂದಾಗ ಅದನ್ನೇ ಎರಡು ಸಲ ಹೇಳಿದ, ಅದು ಮಾತ್ರ ಕಲಿತದ್ದಲ್ಲ. ಮುಗಿಸುವಾಗ ಪಾದ್ರಿಯ ಕಣ್ಣಲ್ಲಿ ನೀರು. ಗೆದ್ದೆ ಎಂದುಕೊಂಡ.

ಪಾದ್ರಿ ಎದ್ದು ಹೋಗಿ ಒಳಕೋಣೆಯ ಬಾಗಿಲು ಪೂರ್ತಿ ತೆರೆದರು. ಅಲ್ಲಿ ಸೆಮಿನರಿಯ ಮುಖ್ಯಸ್ಥರಾದ ರೆಕ್ಟರ್ ಕುಳಿತು ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

“ನಾನು ಹೇಳಿದ್ದೆನಲ್ಲ ಫಾದರ್,” ಎಂದರು ಇಸಿದೋರ್, “ಚರ್ಚಿನ ಇಂಗ್ಲಿಷ್ ಪ್ರವಚನಕ್ಕೆ ಇವನನ್ನು ತಯಾರು ಮಾಡ್ತೇನೆ ಅಂತ?”

“ಜೂನಿಗೆ ಯಾಕೆ, ನಾಳೆಯೇ ಕಳಿಸಿ,” ಎಂದರು ರೆಕ್ಟರ್. “ಬೇಡ ಅಂತ ಹೇಳಲಿಕ್ಕೇ ಇಷ್ಟು ಚೆಂದ ಬರ್ತದೆ ಅಂದ್ರೆ, ಬೇಕು ಅಂತ ಆದ ಮೇಲೆ ಕೇಳಬೇಕಾ ಮಾರಾಯ್ರೇ!”