ದುಂಬಿಮನೆಯ ಕುಂಕುಮ

ಮಂಗಳವಾರ ಬೆಳಿಗ್ಗೆ ಶಿವನಂಜಪ್ಪ ಮೇಷ್ಟ್ರು ಹೂವಾಡಗಿತ್ತಿ ಮಂಗಳಮ್ಮನನ್ನು ಊದುಬತ್ತಿ ಸಮೇತ ಹಿಡಿದರು.

"ಹುಳುಗಳಿಗೆ ಹೊಗೆ ಹಾಕ್ತೀಯಲ್ಲ, ಕರುಳು ಅನ್ನೋದು ಬೇಡ್ವೇನಮ್ಮ?"

"ನಾನೇನ್ ಮಾಡ್ದೆ ಸ್ವಾಮಿ? ಕುಂಕುಮ ಕಂಡ್ತು, ಕೈ ಮುಗ್ದೆ. ಮೊದ್ಲು ಇಟ್ಟೋರು ನಾನಲ್ಲ ಕಣ್ರೀ."

ಕೋಟೆ ಬಸ್‌ಸ್ಟ್ಯಾಂಡಿನ ಪಕ್ಕ, ರಸ್ತೆಯಂಚಿಗೆ, ಮೇಷ್ಟ್ರು ನಿವೃತ್ತರಾದ ವರ್ಷ ತಾವೇ ಮಣ್ಣು ತುಳಿದು ಕಟ್ಟಿದ ದುಂಬಿಮನೆ ಅದು. ಎದೆಯೆತ್ತರದ ಗೋಡೆ, ಮೈತುಂಬ ತೂತು, ನಡುನಡುವೆ ಬಿದಿರಿನ ತುಂಡು, ಮೇಲೆ ಹಂಚಿನ ಪುಟ್ಟ ಸೂರು, ಬುಡದಲ್ಲಿ ತುಂಬೆ, ಕಾಮಕಸ್ತೂರಿ. ಒಂಟಿಯಾಗಿ ಬದುಕುವ ಜೇನುಗಳು ಆ ತೂತುಗಳಲ್ಲಿ ಮೊಟ್ಟೆಯಿಟ್ಟು ಬಾಯಿಗೆ ಮಣ್ಣು ಮೆತ್ತಿದ್ದವು. ಊರೆಲ್ಲ ಸಿಮೆಂಟಾದ ಮೇಲೆ ಅವಕ್ಕೆ ಬೇರೆ ತಾವಿರಲಿಲ್ಲ. ಮೇಷ್ಟ್ರಿಗೂ ಅದೊಂದನ್ನು ಬಿಟ್ಟರೆ ಬೇರೆ ಆಸೆ ಉಳಿದಿರಲಿಲ್ಲ.

ರಸ್ತೆ ಅಗಲ ಮಾಡುವವರು ಆ ಸಾಲಿನ ಗೂಡಂಗಡಿ, ಕಾಂಪೌಂಡು, ಹೊಂಗೆಮರ ಎಲ್ಲವನ್ನೂ ನೆಲಸಮ ಮಾಡಿದ್ದರು. ದುಂಬಿಮನೆಗೆ ಮಾತ್ರ ಕೈ ಹಚ್ಚಲಿಲ್ಲ. ರಸ್ತೆ ಇಲಾಖೆಯ ಸಾಹೇಬರ ಮುಂದೆ ತಾವು ಗಂಟಲು ಹರಿದುಕೊಂಡಿದ್ದು ಸಾರ್ಥಕವಾಯಿತೆಂದು ಮೇಷ್ಟ್ರು ಬೀಗಿದರು. ಆದರೆ ಅದೇ ದಿನಗಳಲ್ಲಿ ಈ ಹಾಳು ಕುಂಕುಮ ವಕ್ಕರಿಸಿತು. ಕುಂಕುಮದ ಹಿಂದೆ ಹೂವು, ಹೂವಿನ ಹಿಂದೆ ಊದುಬತ್ತಿ, ಕರ್ಪೂರ, ಹಾಲು. ಹೊಗೆಗೆ ಜೇನು ದಿಕ್ಕಾಪಾಲಾದವು. ಹಾಲಿಗೆ ಗೋಡೆ ಕರಗಿತು, ಇರುವೆ ಹತ್ತಿ ಮೊಟ್ಟೆಗಳನ್ನು ಹೊತ್ತೊಯ್ದವು.

"ಮೊದಲು ಇಟ್ಟ ಆ ಪುಣ್ಯಾತ್ಮ ಕೈಗೆ ಸಿಗಲಿ," ಎಂದು ಮನೆಯಲ್ಲಿ ಹಲ್ಲು ಕಡಿದರು.

ಹೆಂಡತಿ ಪುಷ್ಪಾ ಕಾಫಿಲೋಟ ಮುಂದಿಟ್ಟಳು. "ಹೊಗೆ ಹಾಕೋರ್ನ ತಡೀರಿ. ಕುಂಕುಮ ಏನ್ ಮಾಡ್ತದೆ, ಇರ್ಲಿ ಬುಡಿ."

"ನೀನೂ ಆ ಮೌಢ್ಯದ ಪೈಕಿನೇ ಕಣೆ," ಎಂದು ಮೇಷ್ಟ್ರು ರೇಗಿದರು. ದೇವರ ವಿಷಯಕ್ಕೆ ಆ ಮನೆಯಲ್ಲಿ ಎಷ್ಟು ಜಗಳವಾಗಿತ್ತೋ ಲೆಕ್ಕವಿಲ್ಲ. ಅವಳು ಒಲೆಯ ಕಡೆ ತಿರುಗಿದಳು.

ಮರುದಿನ ಮೇಷ್ಟ್ರು ಒದ್ದೆ ಬಟ್ಟೆ ಹಿಡಿದು ಹೊರಟರು. ಕುಂಕುಮವನ್ನು ಒಂದು ಚುಕ್ಕಿಯೂ ಉಳಿಯದಂತೆ ಉಜ್ಜಿದರು, ಹಾರಗಳನ್ನು ಕಿತ್ತು ಚರಂಡಿಗೆ ಎಸೆದರು. ರಸ್ತೆ ಕೆಲಸದ ಮೇಸ್ತ್ರಿ ಕನಕರಾಜು ಅಲ್ಲೇ ನಿಂತು ನೋಡುತ್ತಿದ್ದ.

"ದೇವ್ರನ್ನ ಬ್ಯಾರೆ ಕಡೀಕೆ ತಕ್ಕೋದ್ರಾ ಮೇಷ್ಟ್ರೇ?"

"ದೇವರೂ ಇಲ್ಲ, ದಿಂಡರೂ ಇಲ್ಲ ಕಣಯ್ಯ. ಯಾವತ್ತೂ ಇರಲಿಲ್ಲ. ಇದು ಹುಳದ ಮನೆ."

"ಅಂಗಾ? ಸರಿ ಬುಡಿ."

ಒಬ್ಬನಿಗಾದರೂ ಅರ್ಥವಾಯಿತಲ್ಲ ಎಂದು ಮೇಷ್ಟ್ರಿಗೆ ಹಾಯೆನಿಸಿತು. ಸಂಜೆಗೆ ಒಂದೆರಡು ಜೇನು ಮರಳಿ ಬಂದು ತೂತು ಹುಡುಕುವುದನ್ನು ಕಂಡು ಕಣ್ಣು ತುಂಬಿಕೊಂಡರು.

ಗುರುವಾರ ಮೇಷ್ಟ್ರು ಗಂಡಹೆಂಡಿರಿಬ್ಬರೂ ಓಡಿ ಬರುವಷ್ಟರಲ್ಲಿ ಜೆಸಿಬಿ ಕೆಲಸ ಮುಗಿಸಿತ್ತು. ಸೀಳಿದ ಬಿದಿರಿನಿಂದ ಬಿಳಿಯ ಮರಿಹುಳುಗಳು ಹೊರಬಿದ್ದಿದ್ದವು, ಕಾಗೆಗಳು ಹೆಕ್ಕುತ್ತಿದ್ದವು. ಮೇಷ್ಟ್ರು ಮಣ್ಣಗುಡ್ಡೆಯ ಮುಂದೆ ಕುಸಿದು ಕೂತರು.

ಪಕ್ಕದಲ್ಲೇ ಕೂತ ಪುಷ್ಪಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೇಳಿದಳು: "ದೇವ್ರಿದ್ರೆ ಮುಟ್ಟಾಕಿಲ್ಲ ಅಂತ ಕನಕರಾಜು ಅಂದಿದ್ದ... ಮೊದ್ಲು ಕುಂಕುಮ ಇಟ್ಟೋಳು ನಾನೇ ಕಣ್ರೀ."