ಹೊರಗಿದ್ದಾರೆ

"ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ," ಎಂದಿತು ಸೊಸೆಯ ಫೋನು. ನರಸಮ್ಮ ಪರೀಕ್ಷೆಗೆಂದು ಕರೆ ಮಾಡಿದ್ದು ತನ್ನದೇ ನಂಬರಿಗೆ. ಆ ನಂಬರಿನ ಫೋನು ಅವಳ ಎಡಗೈಯಲ್ಲೇ ಸುಮ್ಮನಿತ್ತು. ಅವಳು ನಿಂತಿದ್ದುದು ಮಾವಳ್ಳಿಯ ಸ್ವಂತ ಮನೆಯ ನಡುಮನೆಯಲ್ಲಿ.

"ಬಿಡಿ ಅತ್ತೆ, ಬೇರೆ ಕಂಪನಿಗೆ ಪೋರ್ಟ್ ಮಾಡ್ಸೋಣ. ನಂಬರ್ ಇದೇ ಇರುತ್ತೆ," ಎಂದಳು ಸೊಸೆ ವಿಶಾಖಾ. ನರಸಮ್ಮನ ಕಂಪನಿ ಪಕ್ಕದ ಬೀದಿಯ ಟವರ್ ತೆಗೆದ ಮೇಲೆ ಅವಳ ಫೋನಿಗೆ ಮನೆಯೊಳಗೆ ಸಿಗ್ನಲ್ಲೇ ಇರಲಿಲ್ಲ. ವರ್ಷಕ್ಕೆಂದು ಮಾಡಿಸಿದ ರೀಚಾರ್ಜು ಅರ್ಧವೂ ಮುಗಿದಿರಲಿಲ್ಲ. ಆದರೆ ನರಸಮ್ಮನಿಗೆ ಚುಚ್ಚಿದ್ದು ಅದಲ್ಲ, 'ಹೊರಗೆ' ಎಂಬ ಮಾತು. ಹುಟ್ಟೂರಿನಲ್ಲಿ ಅವಳ ಅಪ್ಪ ಹೋಟೆಲಿನ ಟೀ ಕುಡಿದದ್ದು ಹೊರಗೆ, ದೇವರಿಗೆ ಕೈಮುಗಿದದ್ದೂ ಹೊರಗೆ. ಆ ಮಾತು ಮತ್ತೆ ಕಿವಿಗೆ ಬೀಳಬಾರದೆಂದೇ ಅವಳು ಗುಮಾಸ್ತೆಯ ಸಂಬಳದಲ್ಲಿ ಉಳಿಸಿ ಈ ಮನೆ ಕಟ್ಟಿಸಿದ್ದು.

ಸೊಸೆಯ ಫೋನಿನಿಂದಲೇ ತನ್ನ ಕಂಪನಿಯ ಕಸ್ಟಮರ್ ಕೇರ್‌ಗೆ ಮಾಡಿದಳು. ಅತ್ತಲಿನ ಹುಡುಗ ವಿನಯದಿಂದಲೇ ಹೇಳಿದ: "ಮೇಡಂ, ನಿಮ್ಮನೆ ಈಗ ನಮ್ಮ ವ್ಯಾಪ್ತಿಯಿಂದ ಹೊರಗಿದೆ. ಬೇಕಾದ್ರೆ ಪೋರ್ಟ್ ಮಾಡ್ಕೊಳ್ಳಿ."

"ಮಾಡ್ಕೋತೀನಪ್ಪಾ, ಆಮೇಲೆ. ಮೊದ್ಲು ಕಂಪ್ಲೇಂಟ್ ಬರ್ಕೊ, ಅದರ ನಂಬರ್ ಕೊಡು. ಸರಿಹೋಗ್ಲಿಲ್ಲಾಂದ್ರೆ ನಿಮ್ಮ ಮೇಲಿನೋರಿಗೆ ಅಪೀಲ್ ಹೋಗ್ತೀನಿ."

"ಏನಂತ ಬರೀಲಿ, ಮೇಡಂ?"

ನರಸಮ್ಮ ತನ್ನ ಹೊಸ್ತಿಲನ್ನೊಮ್ಮೆ ನೋಡಿದಳು.

"ನಾನು ಒಳಗೇ ಇದೀನಿ, ಹೊರಗೆ ಹೋಗಿರೋದು ಕಂಪನಿ ಅಂತ ಬರಿ."