ಸಾಕಿದವರ ಹಕ್ಕು

ಟಗರಿನ ಹಗ್ಗವನ್ನು ಕರಿಸಿದ್ದಪ್ಪನೂ ಬಿಡಲಿಲ್ಲ, ಅಂಜಿನಕ್ಕನೂ ಬಿಡಲಿಲ್ಲ. ನಡುವೆ ನಿಂತ ಟಗರು ಮಾತ್ರ ನೆಮ್ಮದಿಯಿಂದ ಮೆಲುಕು ಹಾಕುತ್ತಿತ್ತು.

"ಈದಿದ್ದು ನನ್ನ ಕುರಿ. ಟಗರೂ ನಂದ," ಎಂದ ಕುರಿಗಾರ ಕರಿಸಿದ್ದಪ್ಪ.

"ತಾಯಿ ಸತ್ತ ಮರಿ, ಉಳಿಯಂಗಿಲ್ಲ ಅಂತ ನಮ್ಮ ಬಾಗಲಾಗ ಬಿಟ್ಟು ಕಾನಹೊಸಹಳ್ಳಿ ದಾಟಿ ಹೋದಾವ ನೀನು. ಬಾಟ್ಲಿ ಹಾಲು ಕುಡಿಸಿ ಬದುಕಿಸಿದಾಕಿ ನಾನು. ಕೋಡು ಮೂಡಿದ ಮ್ಯಾಲೆ ನೆನಪಾತೇನು?"

ಕಟ್ಟೆಯ ಮೇಲೆ ಕುಳಿತು ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ಅಂಜಿನಕ್ಕನ ಮಗಳು ದುರ್ಗಾದೇವಿಗೆ ಒಳಗೊಳಗೇ ಖುಷಿಯಾಯಿತು. ಬೆಳಗಿನಿಂದ ಅವಳು ತಲೆ ಕೆಡಿಸಿಕೊಂಡಿದ್ದೂ ಇಂಥವೇ ಪ್ರಶ್ನೆಗಳಿಗೆ: ಯಾರದೋ ವಾದ ಕೊಟ್ಟಿರುತ್ತಾರೆ, ಅದನ್ನು ಸಮರ್ಥಿಸುವ ನೀತಿ ಯಾವುದೆಂದು ನಾಲ್ಕರಲ್ಲಿ ಆರಿಸಬೇಕು.

"ಲಾ ಓದಾಕಿ ಅದಾಳಲ್ಲ, ಆಕಿನ ಹೇಳ್ಲಿ," ಎಂದ ಕರಿಸಿದ್ದಪ್ಪ. ಮಗಳು ತನ್ನನ್ನು ಬಿಟ್ಟುಕೊಡುವುದಿಲ್ಲವೆಂದು ಅಂಜಿನಕ್ಕನೂ ಒಪ್ಪಿದಳು.

"ಮಾವ, ನಿನ್ನ ಮಾತಿನ ಹಿಂದಿರೋ ನೀತಿ, ಹುಟ್ಟಿಸಿದವರಿಗೆ ಹಕ್ಕು ಅಂತ. ಅವ್ವಂದು, ಸಾಕಿದವರಿಗೆ ಹಕ್ಕು ಅಂತ. ನಂಗ ಅವ್ವಂದ ಖರೇ ಅನ್ಸತೈತಿ."

"ಕೇಳಿದ್ಯಾ?" ಅಂಜಿನಕ್ಕ ಹಗ್ಗ ಜಗ್ಗಿದಳು.

"ತಡಿಯವ್ವ. ನೀತಿ ಅಂದ್ರ ಈ ಟಗರಿಗಷ್ಟ ಅಲ್ಲ, ಎಲ್ಲಾ ಕಡಿಗೂ ಹೊಂದಬೇಕು." ದುರ್ಗಾ ಉದಾಹರಣೆ ಹುಡುಕಿದಳು. ಹತ್ತಿರದಲ್ಲಿ ಸಿಕ್ಕಿದ್ದು ಅವಳದೇ. "ಈಗ ನನ್ನ ನೋಡು. ಸಣ್ಣಾಕಿ ಇದ್ದಾಗಿಂದ ಸಾಕಿದಾಕಿ ಹರಪನಹಳ್ಳಿ ದೊಡ್ಡವ್ವ..." ಮಾತು ಅಲ್ಲಿಗೇ ನಿಂತಿತು.

ಅಂಜಿನಕ್ಕನ ಮುಖ ಸಣ್ಣದಾಯಿತು. ಮಕ್ಕಳಿಲ್ಲದ ಅಕ್ಕನ ಮನೆಯಿಂದ ಮಗಳನ್ನು ಕರೆತಂದು ಇನ್ನೂ ತಿಂಗಳಾಗಿರಲಿಲ್ಲ. 'ಹೆತ್ತಾಕಿ ನಾನು' ಎಂದು ಅಂದು ಇವಳೇ ಗಟ್ಟಿಯಾಗಿ ಹೇಳಿದ್ದಳು. ಅಕ್ಕ ಬಸ್ಸಿನ ಕಿಟಕಿಯ ಸರಳು ಹಿಡಿದು ಒಂದಷ್ಟು ದೂರ ಜೊತೆಗೇ ನಡೆದಿದ್ದಳು.

ಅಂಜಿನಕ್ಕ ಮೆಲ್ಲಗೆ ಕೇಳಿದಳು. "ಟಗರೂ ನಂಗ ಉಳೀಬೇಕು, ಮಗಳೂ ನಂಗ ಉಳೀಬೇಕು. ಅಂಥಾ ನೀತಿ ಒಂದೂ ಇಲ್ಲೇನು ನಿನ್ನ ಪುಸ್ತಕದಾಗಿನ ಆ ನಾಕರಾಗ?"

"ಮೊದ್ಲು ನೀತಿ ಅವ್ವ, ಆಮ್ಯಾಲೆ ಉತ್ತರ."

"ನಮಗ ಉತ್ತರ ಮೊದ್ಲ ಗೊತ್ತಿರತೈತಿ."

ಕರಿಸಿದ್ದಪ್ಪನಿಗೆ ನಗು ತಡೆಯಲಾಗಲಿಲ್ಲ. ಹಗ್ಗ ಬಿಟ್ಟ. "ಇರ್ಲಿ ಬಿಡಕ್ಕ, ನಿನ್ನ ಮನ್ಯಾಗ ಇರ್ಲಿ. ಮಳಿಗಾಲಕ್ಕ ಮಾತ್ರ ನನ್ನ ಹಿಂಡಿನಾಗ ಬಿಡು. ತಳಿ ಚಲೋ ಐತಿ."

ಅಂಜಿನಕ್ಕ ಒಪ್ಪಿದಳು. ಬರುವ ಭಾನುವಾರ ದೊಡ್ಡವ್ವನ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಾ ಎಂದು ಮಗಳಿಗೂ ಹೇಳಿದಳು. ದುರ್ಗಾ ಇಬ್ಬರಿಗೂ ಚಹಾ ತಂದುಕೊಟ್ಟು ಒಳಗೆ ಹೋದಳು.

ಲೋಟ ಇನ್ನೂ ಅರ್ಧವಿತ್ತು. "ಅಲ್ಲ," ಎಂದಳು ಅಂಜಿನಕ್ಕ, "ನನ್ನ ಟಗರಿಗೆ ನಿನ್ನ ಕುರಿ ಈದ್ರ, ಆ ಮರಿ ಯಾರದು?"

ಇಬ್ಬರೂ ಒಟ್ಟಿಗೇ ಮನೆಯ ಬಾಗಿಲತ್ತ ತಿರುಗಿದರು. ಒಳಗಿನಿಂದ ಅಗಳಿ ಹಾಕಿಕೊಂಡ ಸದ್ದು ಕೇಳಿತು.